ನೆರಳ ಮನೆಯ ಬೆಲೆ

“ಅಜ್ಜಾರ, ಇನ್ನೊಬ್ಬರು ಮಾಡಿದ ಆಟಕ್ಕ ನಾ ಒಂದು ತುಂಡು ಜೋಡಿಸೀನಿ. ಅದಕ್ಕ ಬೆಲಿ ಇಡಬೇಕೋ, ಪುಕ್ಕಟೆ ಬಿಡಬೇಕೋ?”

ಕೇಳಿದವನು ಫಕೀರೇಶ. ಮೊಬೈಲ್ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಸಂಜೆಗೆ ಮಠದ ಹಿಂದಿನ ಕೋಣೆಗೆ ಬಂದು ಕೂರುವ ಶಿಷ್ಯ. ಗುರುಗಳು ಅವನ ಮುಖ ನೋಡಿದರು. ಗುರುಗಳಾಗುವ ಮೊದಲು ಅವರು ಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮಾಡಿದವರು. ಅಂಗಡಿ ಬಿಟ್ಟು ಬಂದಿದ್ದರೂ, ಬೆಲ್ಲದ ಪೆಂಟೆಯನ್ನು ಉಗುರಿನಿಂದ ಕೆರೆದು ನೋಡುವ ಹಾಗೆ ಎದುರಿಗೆ ಬಂದ ಮಾತನ್ನು ಕೆರೆದು ನೋಡುವ ಅಭ್ಯಾಸ ಬಿಟ್ಟಿರಲಿಲ್ಲ.

“ಯಾವ ಆಟ?”

“ಕಂಪ್ಯೂಟರ್ ಆಟ್ರಿ. ಲಾರಿ ಓಡಿಸೋದು.”

“ಊರಾಗ ಲಾರಿ ಕಡಿಮಿ ಬಿದ್ದಾವೇನು?”

ಫಕೀರೇಶ ನಕ್ಕ. “ಆಟ ದೊಡ್ಡ ಕಂಪನಿಯವರದ್ರಿ. ಅದಕ್ಕ ನಮ್ಮಂಥವರು ಹೊಸ ದಾರಿ, ಹೊಸ ಊರು ಮಾಡಿ ಸೇರಸ್ತೀವಿ. ಹಂಗ ಸೇರಿಸಿದ್ದಕ್ಕ ‘ಮಾಡ್’ ಅಂತ ಹೆಸರು. ಇಲ್ಲೀತನಕ ಎಲ್ಲಾರೂ ಪುಕ್ಕಟೆ ಕೊಡ್ತಿದ್ರು. ಈಗ ಕೆಲವರು ರೊಕ್ಕ ತಗೋತಾರ. ತಗೊಂಡ್ರ ಕಳ್ಳರು ಅಂತಾರ, ತಗೊಳ್ಳದಿದ್ರ ಹುಚ್ಚರು ಅಂತಾರ. ನಿನ್ನ ಮಾಡ್ ಮಾರ್ತೀ ಏನು ಅಂತ ಒಬ್ಬಾಂವ ಕೇಳ್ಯಾನ. ನಿದ್ದಿಗೆಟ್ಟು ಮಾಡೀನ್ರಿ ಅದನ್ನ.”

“ನೀ ಏನು ಸೇರಿಸಿದಿ?”

“ನಮ್ಮೂರ ಹೊರಗಿನ ದಾರಿ. ದಾರಿ ಬದಿಗೆ ಒಂದು ಚಹಾದಂಗಡಿ. ಅಂಗಡಿ ಮುಂದ ಎರಡು ಕುರ್ಚಿ.”

“ಲಾರಿ ಓಡಿಸಾಂವ ಒಬ್ಬ. ಕುರ್ಚಿ ಎರಡು ಯಾಕ?”

“ಸುಮ್ನ ಹಾಕೀನ್ರಿ,” ಎಂದ ಫಕೀರೇಶ. “ಚಂದ ಕಾಣ್ತಾವು ಅಂತ.”

ಗುರುಗಳು ಕತೆ ಶುರು ಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಸಿಂಪಿಗನಿದ್ದ. ಅಂಗಿ, ಕುಪ್ಪಸ, ದಿಂಬಿನ ಗವಸು, ಏನು ತಂದುಕೊಟ್ಟರೂ ಹೊಲಿದುಕೊಡುವುದು ಅವನ ಕಸುಬು. ಕೆಲಸ ಗಟ್ಟಿ, ಆದರೆ ಹೊಲಿಗೆಯ ಕೊನೆ ಮಾತ್ರ ಎಡಕ್ಕೆ ಸೊಟ್ಟಾಗುತ್ತಿತ್ತು. ಅದು ಅವನ ಕೈಯ ಚಾಳಿ. ಅವನಿಗೊಬ್ಬ ಗೆಳೆಯನಿದ್ದ, ಗಾಣಿಗ. “ನಿನ್ನ ಹೊಲಿಗಿ ಕಣ್ಣು ಮುಚ್ಚಿ ಮುಟ್ಟಿದ್ರೂ ಗುರ್ತು ಸಿಗ್ತೈತಿ ಬಿಡೋ,” ಎಂದು ಗಾಣಿಗ ಚೇಷ್ಟೆ ಮಾಡುತ್ತಿದ್ದ.

ಮಧ್ಯಾಹ್ನ ಗಾಣದ ಎತ್ತು ಬಿಚ್ಚಿದ ಮೇಲೆ ಗಾಣಿಗ ಸಿಂಪಿಗನ ಕಟ್ಟೆಗೆ ಬರುವುದು, ಇಬ್ಬರೂ ಪಗಡೆ ಹಾಸು ಬಿಚ್ಚಿ ಕೂರುವುದು, ಇದು ತಪ್ಪದ ರೂಢಿ. ಹಾಸು ಆ ಊರ ನೇಕಾರ ನೇಯ್ದದ್ದು. ಆಟದ ದಾರಿಯೂ ಅವನು ಹಾಕಿದ್ದೇ. ಕಾಯಿ ಮನೆಯಿಂದ ಹೊರಡಬೇಕು, ಸುತ್ತು ತಿರುಗಬೇಕು, ಮನೆಗೇ ಮರಳಬೇಕು. ಮರಳಿದರೆ ಕಾಯಿ ಹಣ್ಣಾಯಿತು. ನಡುವೆ ಎದುರಿನವನು ಕಡಿದರೆ ಮತ್ತೆ ಮೊದಲಿನಿಂದ ನಡೆಯಬೇಕು. ಅಷ್ಟು ಉದ್ದದ ದಾರಿಯಲ್ಲಿ ನಿಂತು ಉಸಿರು ಬಿಡಲು ನೇಕಾರ ಒಂದು ಮನೆಯನ್ನೂ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಗಾಣಿಗನ ಕೊನೆಯ ಕಾಯಿ ಮನೆಯ ಬಾಗಿಲಿಗೆ ಬಂದು ನಿಂತಿತ್ತು. ಸಿಂಪಿಗನಿಗೆ ಕವಡೆಯಲ್ಲಿ ಬೇಕಾದ ಗರ ಬಿತ್ತು. ಕಡಿದ. ತೊಡೆ ತಟ್ಟಿ ನಕ್ಕ. ಗಾಣಿಗ ನಗಲಿಲ್ಲ.

“ಬಾಗಲಕ್ಕ ಬಂದಾಂವನ್ನ ಕಡದಿಯಲ್ಲೋ,” ಎಂದ. “ಇಷ್ಟು ದೂರದ ದಾರ್ಯಾಗ ಒಂದು ನೆರಳರ ಬ್ಯಾಡೇನು?”

ಧೋತರ ಕೊಡವಿಕೊಂಡು ಎದ್ದು ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸಿಂಪಿಗ ಹೋಗಿ ನೋಡಿದರೆ ಗಾಣ ಬೇರೆಯವರ ಕೈಸೇರಿತ್ತು. ಗಾಣಿಗ ಹೆಂಡತಿಯ ಕಡೆಯವರೊಂದಿಗೆ ಹೊಳೆ ದಾಟಿ ಹೋಗಿದ್ದ. ಯಾವ ಊರಿಗೆಂದು ನೆರೆಮನೆಯವರಿಗೂ ಗೊತ್ತಿರಲಿಲ್ಲ. ಗೆಳೆಯನಿಗೆ ಹೇಳಿ ಹೋಗಬೇಕೆಂದೇ ಅವತ್ತು ಅವನ ಕಟ್ಟೆಗೆ ಹೋಗಿದ್ದನಂತೆ. ಹೇಳಲು ಆಗಲಿಲ್ಲವಂತೆ. ನೆರೆಮನೆಯವರು ಇಷ್ಟು ಹೇಳಿದರು.

ಸಿಂಪಿಗ ಮನೆಗೆ ಬಂದ. ತನ್ನ ನಗು ತನ್ನ ಕಿವಿಯಲ್ಲೇ ಉಳಿದುಬಿಟ್ಟಿತ್ತು. ಕುಪ್ಪಸ ಕತ್ತರಿಸಿ ಮಿಕ್ಕ ಹಸಿರು ಖಣದ ಚೂರು ತೆಗೆದುಕೊಂಡ. ಅದನ್ನು ಎಲೆಯ ಆಕಾರಕ್ಕೆ ಕತ್ತರಿಸಿ ಹಾಸಿನ ಮೇಲೆ, ಗೆಳೆಯನ ಕಾಯಿ ಕಡಿದ ಜಾಗದಲ್ಲೇ ಹೊಲಿದ. ಎಲೆಯ ತೊಟ್ಟು ಎಡಕ್ಕೆ ಸೊಟ್ಟಾಯಿತು. ಆ ಜಾಗಕ್ಕೆ ನೆರಳ ಮನೆ ಎಂದು ಹೆಸರಿಟ್ಟ. ಒಂದು ಕಟ್ಟಳೆಯನ್ನೂ ಮಾಡಿದ. ಅಲ್ಲಿ ನಿಂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಆದರೆ ನೆರಳಿಗೆ ನಿಂತವನು ತನ್ನ ಒಂದು ಸರದಿಯನ್ನು ಎದುರಿನವನಿಗೆ ಬಿಟ್ಟುಕೊಡಬೇಕು.

ಕಟ್ಟೆಯ ಮೇಲೆ ಹರಡಿದ ಹಾಸನ್ನು ಹೋಗಿಬರುವವರು ನೋಡಿದರು. ಆಡಿ ನೋಡಿದರು. ಆಟಕ್ಕೆ ಬೇರೆಯದೇ ರುಚಿ ಬಂದಿತ್ತು. ತಮ್ಮ ತಮ್ಮ ಹಾಸು ತಂದು ಮುಂದಿಟ್ಟರು. ಸಿಂಪಿಗ ಎಲ್ಲರಿಗೂ ಎಲೆ ಹೊಲಿದುಕೊಟ್ಟ. ಯಾರ ಹತ್ತಿರವೂ ಏನೂ ತೆಗೆದುಕೊಳ್ಳಲಿಲ್ಲ. “ಹೊಳಿ ದಾಟಿ ಹೋಗಾವ್ರು ಯಾರರ ಇದ್ರ ಇದನ್ನ ಒಯ್ಯಾಕ ಹೇಳ್ರಿ,” ಎಂದಷ್ಟೇ ಕೇಳಿಕೊಳ್ಳುತ್ತಿದ್ದ. ಆಚೆ ದಡದ ಯಾವುದೋ ಕಟ್ಟೆಯಲ್ಲಿ ಗಾಣಿಗ ಆ ಹಾಸಿನ ಮುಂದೆ ಕೂತಾನು, ಸೊಟ್ಟ ತೊಟ್ಟು ಅವನ ಬೆರಳಿಗೆ ತಾಗೀತು, ಗುರುತು ಹತ್ತೀತು. ಅವನ ಆಸೆ ಇಷ್ಟೇ ಇತ್ತು. ಮಿಕ್ಕದ್ದೆಲ್ಲ ಊರವರ ಪಾಲಿಗೆ ಬಂದ ಲಾಭ.

ಊರವರೂ ಸುಮ್ಮನಿರಲಿಲ್ಲ. ಬಳೆಗಾರ್ತಿಯೊಬ್ಬಳು ನೆರಳ ಮನೆಯ ಪಕ್ಕಕ್ಕೆ ನೀಲಿ ಬಟ್ಟೆಯ ಬಾವಿ ಹೊಲಿದಳು. ಅದರಲ್ಲಿ ಬಿದ್ದವನು ಮೇಲೆ ಬರಲು ಬೆಸ ಗರಕ್ಕೆ ಕಾಯಬೇಕು. ಸಿಂಪಿಗನಿಗೆ ಬಾವಿ ಹಿಡಿಸಿತು. ಮುಂದೆ ಎಲೆಯ ಜೊತೆಗೆ ಬಾವಿಯನ್ನೂ ಹೊಲಿದುಕೊಟ್ಟ. ಯಾರೂ ಯಾರನ್ನೂ ಕೇಳಲಿಲ್ಲ. ಸಂಜೆ ಕಟ್ಟೆ ತುಂಬ ಜನ. ಯಾರು ಗೆದ್ದರು, ಯಾರು ಬಾವಿಗೆ ಬಿದ್ದರು, ಯಾರ ಅತ್ತೆ ಸೊಸೆಯ ಕಾಯಿ ಕಡಿದು ಬೈಸಿಕೊಂಡಳು, ಎಲ್ಲ ವರದಿ ಅಲ್ಲಿಗೇ ಬರುತ್ತಿತ್ತು. ಎಲ್ಲ ಕೇಳಿ ಸಿಂಪಿಗ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದ. ಹೊಳೆಯ ಆಚೆಗೆ ಹೋಯಿತೇ?

ಹೋಗಿರಲಿಲ್ಲ. ಪುಕ್ಕಟೆ ಸಿಕ್ಕಿದ್ದು ಪಕ್ಕದ ಊರಿನ ಸಂತೆಯವರೆಗೆ ಹೋಗುತ್ತಿತ್ತು, ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ. ಆಡುವ ಹಾಸನ್ನು ಹೊತ್ತುಕೊಂಡು ಹೊಳೆ ದಾಟುವ ಗರಜು ಯಾರಿಗಿದೆ?

ಇತ್ತ ಹೊಲಿಯಲು ಬಂದ ಅಂಗಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮಳೆ ಹಿಡಿದಾಗ ಹೆಂಡತಿ ಸೋರುವ ಕಡೆಗೆಲ್ಲ ಪಾತ್ರೆ ಇಡುತ್ತ ಹೇಳಿದಳು. “ಊರ ಮಂದಿ ಕಾಯಿಗೆಲ್ಲಾ ನೆರಳು ಹೊಲದಿ. ನಮ್ಮ ಮಾಳಿಗಿಗೂ ಒಂದು ಎಲಿ ಹಚ್ಚು, ನೋಡೋಣು.” ಸಿಂಪಿಗ ಸೂಜಿಗೆ ದಾರ ಪೋಣಿಸುತ್ತ ತಲೆ ತಗ್ಗಿಸಿದ. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ.

ಆಗ ಒಬ್ಬ ವ್ಯಾಪಾರಿ ಬಂದ. ಎಲೆಯನ್ನು ತಿರುಗಿಸಿ ನೋಡಿದ.

“ಇದರ ಬೆಲಿ ಏನು?”

“ಬೆಲಿ ಇಲ್ರಿ ಸಾವಕಾರ್ರ.”

“ಬೆಲಿ ಇಲ್ಲದ ಮಾಲು ನಾ ಗಾಡ್ಯಾಗ ಹೇರೂದಿಲ್ಲ. ಬೆಲಿ ಇಡು. ಹೊಳಿ ಆಚೆ ಹನ್ನೆರಡು ಸಂತಿಗೆ ನನ್ನ ಗಾಡಿ ಹೋಗ್ತಾವು.”

ಸಿಂಪಿಗನ ಸೂಜಿ ನಿಂತಿತು. ಅವತ್ತೇ ಒಪ್ಪಿದ. ಮಾಳಿಗೆಯ ಸಲುವಾಗಿ ಒಪ್ಪಿದೆ ಎಂದು ಹೆಂಡತಿಗೆ ಹೇಳಿದ. ತನಗೆ ತಾನು ಏನೂ ಹೇಳಿಕೊಳ್ಳಲಿಲ್ಲ.

ವ್ಯಾಪಾರಿ ಕೆಟ್ಟವನಲ್ಲ. ಆಡಿದ ಹಾಗೆ ನಡೆದ. ಎಲೆಗಳನ್ನು ಬಿಡಿಬಿಡಿಯಾಗಿ ಹೊಲಿಸಿದ; ಕೊಂಡವರು ತಮ್ಮ ಹಾಸಿಗೆ ಹಚ್ಚಿಕೊಂಡರಾಯಿತು. ಯಾರೂ ನಕಲಿ ಮಾಡಬಾರದೆಂದು ಪ್ರತಿ ಎಲೆಗೆ ತನ್ನ ಮುದ್ರೆ ಒತ್ತಿಸಿದ. ತೊಟ್ಟು ನೆಟ್ಟಗಿದ್ದರೆ ಗಿರಾಕಿಗೆ ಒಪ್ಪುತ್ತದೆ ಎಂದೂ ಹೇಳಿದ. ಮಿಕ್ಕ ಎಲ್ಲ ಮಾತಿಗೂ ಹೂಂಗುಟ್ಟಿದ ಸಿಂಪಿಗ ಅದೊಂದಕ್ಕೆ ಮಾತ್ರ ಒಪ್ಪಲಿಲ್ಲ.

ಸುದ್ದಿ ತಿಳಿದು ನೇಕಾರ ಬಂದ. “ನನ್ನ ಹಾಸು ಇಲ್ಲದಿದ್ರ ನಿನ್ನ ನೆರಳು ಎದರ ಮ್ಯಾಲೆ ಬೀಳ್ತಿತ್ತು?” ಎಂದ. ಮಾತು ನ್ಯಾಯವಾಗಿತ್ತು. ಅವನಿಗೊಂದು ಪಾಲು ಹೋಯಿತು. ಬಳೆಗಾರ್ತಿ ಬಂದಳು. “ನಿನ್ನ ನೆರಳಿಗೆ ಬೆಲಿ, ನನ್ನ ಬಾವಿ ಪುಕ್ಕಟೆ, ಹೌದಲ್ಲೋ ಅಣ್ಣಾ?” ಎಂದಳು. ಅವಳಿಗೂ ಪಾಲು ಕೊಡುತ್ತೇನೆಂದರೆ ಬೇಡವೆಂದಳು. ಕಟ್ಟೆಯ ಮೇಲಿದ್ದ ಹಾಸಿನಿಂದ ಬಾವಿಯ ಹೊಲಿಗೆ ಬಿಚ್ಚಿ, ನೀಲಿ ಬಟ್ಟೆಯನ್ನು ಮಡಚಿ ಬಳೆಯ ಮಲಾರದಲ್ಲಿ ಇಟ್ಟುಕೊಂಡು ಹೋದಳು. ಆ ಜಾಗದಲ್ಲಿ ಸೂಜಿಯ ತೂತುಗಳು ಉಳಿದವು.

ಮೊದಲೆಲ್ಲ ಎಲೆಯ ದಾರ ಬಿಚ್ಚಿದರೆ ಊರವರು ತಾವೇ ಒಂದು ಹೊಲಿಗೆ ಹಾಕಿಕೊಳ್ಳುತ್ತಿದ್ದರು. ಈಗ ಅವರಿಗೂ ಎಲೆ ಬೆಲೆಗೇ ಸಿಗುತ್ತಿತ್ತು; ಅಂಗಳದಲ್ಲಿ ನಿಂತು, ಕೊಟ್ಟ ದುಡ್ಡಿಗೆ ಇದೇನು ಕೆಲಸ ಎಂದು ಕೇಳುತ್ತಿದ್ದರು. ಕೇಳುವ ಹಕ್ಕು ಅವರಿಗಿತ್ತು. ಸಿಂಪಿಗ ಹೊಲಿದುಕೊಡುತ್ತಿದ್ದ, ಅವರು ತೆಗೆದುಕೊಂಡು ಹೋಗುತ್ತಿದ್ದರು. ಯಾರು ಗೆದ್ದರೆಂದು ಹೇಳಲು ಯಾರೂ ಕೂರುತ್ತಿರಲಿಲ್ಲ. ಮಾಳಿಗೆ ಗಟ್ಟಿಯಾಯಿತು. ಮನೆಯಲ್ಲಿ ಜೋಳದ ಚೀಲ ಬರಿದಾಗುವುದು ನಿಂತಿತು. ಹೆಂಡತಿಯ ಮುಖ ತಿಳಿಯಾಯಿತು. ಕಟ್ಟೆ ಮಾತ್ರ ಖಾಲಿಯಾಯಿತು.

ವ್ಯಾಪಾರಿಯ ಗಾಡಿ ಹೊಳೆ ದಾಟಿ ಮರಳಿದಾಗಲೆಲ್ಲ ಸಿಂಪಿಗ ಗಾಡಿಯವನಿಗೆ ಎಲೆಅಡಿಕೆ ಕೊಟ್ಟು ಕೂರಿಸಿಕೊಳ್ಳುತ್ತಿದ್ದ. ಗಾಣಿಗನೊಬ್ಬ ಸಿಕ್ಕಿದನೇ ಎಂದು ಕೇಳುತ್ತಿದ್ದ. ಗಾಡಿಯವ ಇಲ್ಲವೆಂದು ಎಲೆ ಮೆಲ್ಲುತ್ತ ಹೋಗುತ್ತಿದ್ದ. ಒಂದು ಸಲ ಮಾತ್ರ ಹಾಗೆ ಹೇಳಲಿಲ್ಲ.

“ಒಂದು ಸಂತ್ಯಾಗ ಒಬ್ಬ ಮುದುಕ ಬಂದಿದ್ದ. ಮೈಯೆಲ್ಲಾ ಎಣ್ಣಿ ವಾಸನಿ. ಎಲಿ ಕೈಯಾಗ ತಗೊಂಡ. ತೊಟ್ಟು ಮುಟ್ಟಿದ. ಕಣ್ಣು ಮುಚ್ಚಿ ಮತ್ತೊಮ್ಮೆ ಮುಟ್ಟಿದ. ‘ಇದು ನಮ್ಮಾಂವ ಹೊಲದದ್ದು’ ಅಂದ.”

ಸಿಂಪಿಗ ಎದ್ದು ನಿಂತ. “ಮುಂದ?”

“ಬೆಲಿ ಕೇಳಿದ. ಹೇಳಿದೆ. ಎಲಿ ಕೆಳಗಿಟ್ಟ. ‘ಹಂಗಾರ ಅವನದಲ್ಲ ಬಿಡು. ಅಂವ ಆಗಿದ್ರ ಇದಕ್ಕ ರೊಕ್ಕ ತಗೋತಿರಲಿಲ್ಲ’ ಅಂದ.”

“ನೀ ಏನಂದಿ?”

“ನಾ ಏನನ್ಲಿ? ಅಸಲಿ ಮಾಲು ನೋಡಪಾ ಅಂತ ಮುದ್ರಿ ತೋರಿಸಿದೆ. ಮುದ್ರಿ ನೋಡಿ ನಕ್ಕ. ಹೋದ.”

“ಎತ್ತಾಗ ಹೋದ?”

“ಛಲೋ ಕೇಳ್ದಿ. ಸಂತ್ಯಾಗ ನಾ ಗಾಡಿ ನೋಡ್ಲೋ, ಯಾರು ಎತ್ತಾಗ ಹೋದ್ರು ಅಂತ ಮಂದಿ ನೋಡ್ಲೋ?”

ಗಾಡಿಯವ ಹೊರಟುಹೋದ. ಅವತ್ತು ಹೊಲಿಯಲು ಬಂದವರನ್ನು ನಾಳೆ ಬನ್ನಿ ಎಂದು ಸಿಂಪಿಗ ಕಳಿಸಿದ. ಪೆಟ್ಟಿಗೆಯಿಂದ ತನ್ನ ಹಳೆಯ ಹಾಸು ತೆಗೆದು ಕಟ್ಟೆಯ ಮೇಲೆ ಹರಡಿದ. ಗಾಣಿಗನ ಕಾಯಿಗಳನ್ನು ಎದುರು ಬದಿಗೆ ಜೋಡಿಸಿದ. ತನ್ನ ಒಂದು ಕಾಯಿಯನ್ನು ನೆರಳ ಮನೆಯಲ್ಲಿ ನಿಲ್ಲಿಸಿದ. ನೆರಳಿಗೆ ನಿಂತವನು ಒಂದು ಸರದಿ ಬಿಟ್ಟುಕೊಡಬೇಕು. ಕಟ್ಟಳೆ ಅವನೇ ಮಾಡಿದ್ದು. ಕವಡೆಗಳನ್ನು ಕೂಡಿಸಿ ಎದುರಿನ ಖಾಲಿ ಜಾಗಕ್ಕೆ ಸರಿಸಿದ. ಎದುರಿನ ಕೈ ಗರ ಹಾಕುವವರೆಗೆ ತಾನು ಮುಂದೆ ಆಡುವಂತಿಲ್ಲ. ಕೂತ.

ಗುರುಗಳು ಕತೆ ನಿಲ್ಲಿಸಿದರು.

“ಮುಂದ ಏನಾತ್ರಿ?” ಎಂದ ಫಕೀರೇಶ.

“ಮುಂದೇನು? ಕೂತಾನ.”

“ಹಂಗಾರ ಪುಕ್ಕಟೆ ಬಿಡಬೇಕಿತ್ತು ಅಂತೀರಿ.”

“ಪುಕ್ಕಟೆ ಇದ್ದಾಗ ಆ ಎಲಿ ಹೊಳಿ ದಾಟಲಿಲ್ಲ. ಮಾಳಿಗಿ ಸೋರ್ತಿತ್ತು. ಅದನ್ಯಾಕ ಮರೀತಿ?”

“ಮತ್ತ ಬೆಲಿ ಇಟ್ಟದ್ದ ಸರಿ ಅನ್ರಿ.”

“ಬೆಲಿ ಕೇಳಿದ ಮ್ಯಾಲೆ ಅಂವ ಎಲಿ ಕೆಳಗಿಟ್ಟ.”

“ಅಜ್ಜಾರ, ಹಿಂಗ ಎರಡೂ ಕಡೆ ತೂಗಿದ್ರ ನಾ ಮನೀಗೆ ಹೋಗಿ ಏನು ಮಾಡ್ಲಿ? ಆ ಮನಷ್ಯಾಗ ನಾಳೆ ಉತ್ತರ ಕೊಡಬೇಕ್ರಿ.”

ಗುರುಗಳು ಎದ್ದರು. ಗೂಟಕ್ಕೆ ತೂಗುಹಾಕಿದ್ದ ಶಾಲು ತೆಗೆದು ಹೆಗಲಿಗೆ ಹಾಕಿಕೊಂಡರು.

“ಬೆಲಿ ಮಾತು ನಾಳೆ ಆಡೂಣಪಾ, ಆ ಎರಡನೇ ಕುರ್ಚಿ ಯಾರಿಗೆ ಹಾಕಿದಿ, ಅದನ್ನ ಹೇಳು.”