ಕೊಟ್ರೇಶಣ್ಣ ಇಳಿಸಿಟ್ಟ ಹೊರೆ

ಗದಗಿನ ದಾಕ್ಷಾಯಣಿ ಐರ್ಲೆಂಡಿನ ಒಂದು ಸಣ್ಣ ಕಡಲೂರಿನ ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದಳು. ಗಂಡ ಮತ್ತು ಪುಟ್ಟ ಮಗಳು ಶಾಂಭವಿ ಇನ್ನೂ ಗದಗಿನಲ್ಲೇ ಇದ್ದರು. ಅವರನ್ನು ಬೇಗ ಕರೆಸಿಕೊಳ್ಳಬೇಕು, ಅದೊಂದೇ ಅವಳ ಹಂಬಲ.

ಹೊಸದಾಗಿ ಬಂದಾಗ ಅವಳಿಗೆ ಸಂಬಳ ಹಾಕಿಸಿಕೊಳ್ಳಲು ಖಾತೆಯೇ ಇರಲಿಲ್ಲ. ಪೇಟೆಯ ದೊಡ್ಡ ಬ್ಯಾಂಕಿಗೆ ಹೋದಳು. ಒಬ್ಬರು ವಿಳಾಸದ ಪುರಾವೆ ತನ್ನಿ ಎಂದರು. ತಂದರೆ, ಇನ್ನೊಬ್ಬರು ಇದು ನಡೆಯುವುದಿಲ್ಲ ಎಂದರು. ಅಲೆದು ಅಲೆದು ಚಪ್ಪಲಿ ಸವೆದದ್ದೇ ಬಂತು.

ಆ ಊರಲ್ಲಿ ಹರಪನಹಳ್ಳಿ ಕಡೆಯ ಕೊಟ್ರೇಶಣ್ಣ ಖಾನಾವಳಿ ನಡೆಸುತ್ತಿದ್ದರು. ಹಾಲಿನಂಥ ಮನಸ್ಸಿನವರು. "ಯಾಕ ಚಿಂತಿ ಮಾಡ್ತಿ ತಂಗಿ? ಸಂಬಳ ನನ್ನ ಖಾತೆಗೆ ಬರಲಿ. ಬೇಕಾದಾಗ ಇಸಗೊ," ಎಂದರು. ಹೊಸದಾಗಿ ಬಂದವರಿಗೆಲ್ಲ ಅವರದು ಇದೇ ಮಾತು. ಒಬ್ಬರದು ಒಂದು ಪೈಸೆಯೂ ಅತ್ತಿತ್ತ ಆದದ್ದಿಲ್ಲ. ಆದರೆ ಯಾವುದು ಯಾರದು ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲೇ ಇತ್ತು.

ಕೊನೆಗೆ ಗಂಡ, ಮಗಳ ವೀಸಾ ಬಂತು. ವಿಮಾನದ ಟಿಕೆಟ್ಟೂ ಅಗ್ಗಕ್ಕೆ ಸಿಕ್ಕಿತ್ತು. ಸಂಜೆಯೊಳಗೆ ಹಣ ಕಟ್ಟಬೇಕು. ದಾಕ್ಷಾಯಣಿ ಖಾನಾವಳಿಗೆ ಓಡಿದಳು. ಬಾಗಿಲು ಹಾಕಿತ್ತು. ಬೆಳಿಗ್ಗೆ ಎದೆನೋವು ಬಂದು ಕೊಟ್ರೇಶಣ್ಣನನ್ನು ಆಸ್ಪತ್ರೆಗೆ ಒಯ್ದಿದ್ದರು. ಅವರಿಗೆ ಎಚ್ಚರವೇ ಇರಲಿಲ್ಲ. ಅವರ ಖಾತೆಯ ಹಣ ಮುಟ್ಟಲು ಬೇರೆ ಯಾರಿಗೂ ದಾರಿಯಿರಲಿಲ್ಲ. ಟಿಕೆಟ್ ಕೈತಪ್ಪಿತು.

"ಹಂಗಾರ ನಾ ಯಾವಾಗ ಬರಲಿ, ಅವ್ವಾ?" ಎಂದು ಶಾಂಭವಿ ಫೋನಿನಲ್ಲಿ ಕೇಳಿದಳು. ದಾಕ್ಷಾಯಣಿ ಹೇಗೋ ಸಮಾಧಾನ ಹೇಳಿ ಫೋನಿಟ್ಟಳು. ಆದರೂ ಕೊಟ್ರೇಶಣ್ಣನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವರಿಗೆ ಎಚ್ಚರ ಬಂದ ಮೇಲೆ ದಿನಾ ಕೆಲಸ ಮುಗಿಸಿ ಆಸ್ಪತ್ರೆಗೆ ಗಂಜಿ ಒಯ್ದಳು.

ಅವಳ ಪೇಚಾಟ ಕೇಳಿ ವೃದ್ಧಾಶ್ರಮದ ಅಜ್ಜಿಯೊಬ್ಬರು, "ನಮ್ಮ ಕ್ರೆಡಿಟ್ ಯೂನಿಯನ್ನಿಗೆ ಹೋಗಮ್ಮ," ಎಂದರು. ಅದು ನಮ್ಮ ಕಡೆಯ ಪತ್ತಿನ ಸಹಕಾರ ಸಂಘ ಇದ್ದ ಹಾಗೆ. ಊರವರೇ ಸದಸ್ಯರು, ಊರವರೇ ಒಡೆಯರು. ಚಿಕ್ಕ ಕಟ್ಟಡ. ಕೌಂಟರಿನ ಹೆಂಗಸು ಏನೇನು ಕಾಗದ ಬೇಕು, ಏನು ಬೇಡ ಎಂಬುದನ್ನು ಒಂದೇ ಸಲಕ್ಕೆ ಹೇಳಿದಳು.

ಒಮ್ಮೆ ಪೆಟ್ಟು ತಿಂದಿದ್ದ ದಾಕ್ಷಾಯಣಿ ಕೇಳಿಯೇಬಿಟ್ಟಳು: "ನಾಳೆ ನೀವೇ ಬರದಿದ್ದರೆ ನನ್ನ ಗತಿ ಏನು?"

ಆಕೆ ನಕ್ಕಳು. "ಈ ಕುರ್ಚಿಯಲ್ಲಿ ಯಾರು ಕೂತರೂ ನಿಮ್ಮ ಹಣ ನಿಮಗೆ ಸಿಗುತ್ತದೆ. ನಿಮಗೇ ಏನಾದರೂ ಆದರೆ ಯಾರಿಗೆ ಸೇರಬೇಕು, ಅದನ್ನೂ ಹೇಳಿ."

ದಾಕ್ಷಾಯಣಿ ಮಗಳ ಹೆಸರು ಹೇಳಿದಳು. ಆ ಪರದೇಶದಲ್ಲಿ ಮೊದಲ ಸಲ ನೆಲ ಗಟ್ಟಿ ಎನಿಸಿತು.

ಆದರೆ ಕೊಟ್ರೇಶಣ್ಣನಿಗೆ ಹೇಳುವುದು ಹೇಗೆ? ನಂಬಿಕೆ ಇಲ್ಲ ಎಂದುಕೊಂಡಾರು. ಅವರು ಚೇತರಿಸಿಕೊಂಡು ಮನೆಗೆ ಬಂದ ಮೇಲೆ, ಅಳುಕುತ್ತಲೇ ಎದುರು ಕೂತಳು. "ಅಣ್ಣಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾ ಕ್ರೆಡಿಟ್ ಯೂನಿಯನ್ನಾಗ ಬ್ಯಾರೆ ಖಾತೆ ಮಾಡೀನ್ರಿ."

ಕೊಟ್ರೇಶಣ್ಣ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ಯವ್ವಾ," ಎಂದರು ಅವರು, "ಆಸ್ಪತ್ರ್ಯಾಗ ಕಣ್ಣ ಬಿಟ್ಟಾಗ ನನಗ ಜೀವದ ಚಿಂತಿ ಇರಲಿಲ್ಲ. ಇಷ್ಟು ಮಂದಿ ಬೆವರಿನ ದುಡ್ಡು ನನ್ನ ಸಂಗಾಟ ಸುಟ್ಟು ಹೋಗತಿತ್ತಲ್ಲ, ಅದ ಚಿಂತಿ. ಯಾರಿಗೂ ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ನನ್ನೂ ಅಲ್ಲಿಗೆ ಕರಕೊಂಡು ಹೋಗು."

ದಾಕ್ಷಾಯಣಿಯ ಕಣ್ಣು ತುಂಬಿತು.

ಮರುವಾರದಿಂದ ಕೊಟ್ರೇಶಣ್ಣ ಒಬ್ಬೊಬ್ಬರನ್ನೂ ತಾವೇ ಕರೆದೊಯ್ದು ಅವರವರ ಹೆಸರಲ್ಲಿ ಖಾತೆ ಮಾಡಿಸಿದರು. ಹಾಗೆಂದು ಖಾನಾವಳಿಗೆ ಬರುವವರೇನೂ ಕಮ್ಮಿಯಾಗಲಿಲ್ಲ. ದಾಕ್ಷಾಯಣಿಯ ಹಣವೂ ಅವಳ ಖಾತೆಗೆ ಬಂತು; ಅವಳು ಹೊಸ ಟಿಕೆಟ್ ಕೊಂಡಳು. ಕೆಲವು ವಾರಗಳಲ್ಲಿ ಗಂಡನೂ ಶಾಂಭವಿಯೂ ಬಂದಿಳಿದರು. ಮಗುವಿನ ತಾಟಿಗೆ ಬಿಸಿ ರೊಟ್ಟಿ, ಬೆಣ್ಣೆ ಹಾಕುತ್ತ ಕೊಟ್ರೇಶಣ್ಣ ಅಂದರು: "ಈಗ ನನ್ನ ತಲಿಯಾಗ ಬರೇ ಪಲ್ಯದ ಲೆಕ್ಕ ಐತಿ ನೋಡು. ರಾತ್ರಿ ಎಂಥಾ ನಿದ್ದಿ ಬರತೈತಿ ಅಂತಿ!"

ನೀತಿ: ಒಳ್ಳೆಯವರ ಮೇಲೆ ಪ್ರೀತಿಯಿಡಿ, ಹೊರೆಯಿಡಬೇಡಿ. ದುಡಿದ ಹಣವನ್ನು ಒಬ್ಬರ ಉಸಿರಿಗೆ ಕಟ್ಟದೆ, ಯಾರಿದ್ದರೂ ಇಲ್ಲದಿದ್ದರೂ ನಡೆಯುವ ಶಿಸ್ತಿನ ಸಂಸ್ಥೆಗೆ ಒಪ್ಪಿಸಿ. ಆಗ ಹಣವೂ ಉಳಿಯುತ್ತದೆ, ನಂಟೂ ಉಳಿಯುತ್ತದೆ.