ಟಿಟ್ಟಕ್ಕ ಕಲಿತ ನಾಜೂಕು ಕೂಗು

ಕಾಡಿನ ಅಂಚಿನಲ್ಲಿ ಒಂದು ಕೆರೆ. ಅದರ ದಡದ ಬೆಣಚುಕಲ್ಲುಗಳ ನಡುವೆ ಟಿಟ್ಟಿಭ ಹಕ್ಕಿಯೊಂದು ನಾಲ್ಕು ಮೊಟ್ಟೆ ಇಟ್ಟಿತ್ತು. ಗೂಡು ಅಂತ ಹೇಳಲು ಅಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಮೊಟ್ಟೆಗಳೂ ಕಲ್ಲಿನ ಬಣ್ಣದವೇ, ಪಕ್ಕದಲ್ಲಿ ನಿಂತು ನೋಡಿದರೂ ಕಾಣುತ್ತಿರಲಿಲ್ಲ. ಮಕ್ಕಳೇ, ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಹಕ್ಕಿಯನ್ನು ಕೆರೆಯವರೆಲ್ಲ ಟಿಟ್ಟಕ್ಕ ಎನ್ನುತ್ತಿದ್ದರು. ಕೆರೆಯ ಕಾವಲು ಅವಳದೇ. ಗಿಡುಗ ಬಂದರೆ ಅವಳದು ಒಂದು ಕೂಗು, ಯಾರಾದರೂ ಕೆಸರಲ್ಲಿ ಸಿಕ್ಕಿಕೊಂಡರೆ ಇನ್ನೊಂದು, ಹಾವು ಬಂದರೆ ಮತ್ತೊಂದು. ಗಿಡುಗದ ಕೂಗಿಗೆ ಎಲ್ಲರೂ ಪೊದೆ ಸೇರುತ್ತಿದ್ದರು. ಕೆಸರಿನ ಕೂಗಿಗೆ ಕಾಟಿಯಣ್ಣ, ಅಂದರೆ ಆ ದೊಡ್ಡ ಕಾಡುಕೋಣ, ಎಳೆದು ಹಾಕಲು ಬರುತ್ತಿದ್ದ. ಹಾವಿನ ಕೂಗಿಗೆ ಮುಂಗುಸಿಯಮ್ಮ ಮಾತ್ರ ಓಡಿಬರುತ್ತಿದ್ದಳು, ಉಳಿದವರು ನಿಂತಲ್ಲೇ ನಿಲ್ಲುತ್ತಿದ್ದರು. ಅದು ಅಲ್ಲಿಯ ಪದ್ಧತಿ.

ಒಂದು ದಿನ ಮೈನಾ ಹಕ್ಕಿ ಬಂದಳು. ಒಂದು ಬೇಸಿಗೆ ಪ್ರವಾಸಿಗರ ಬಂಗಲೆಯ ಸೂರಿನಲ್ಲಿ ಇದ್ದು ಬಂದಿದ್ದಳು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಇದೇನಕ್ಕಾ, ಹೀಗೆ ಕಿರುಚ್ತೀಯ? ಬಂಗಲೆಯವರು ಎಷ್ಟು ನಾಜೂಕಾಗಿ 'ಹೆಲ್ಪ್' ಅಂತಾರೆ ಗೊತ್ತಾ?"

"ಹಾಗಂದ್ರೇನೇ?"

"ಸಹಾಯ ಅಂತ. ಚೀಲ ಎತ್ತೋಕೂ ಅದೇ, ಕಾರು ತಳ್ಳೋಕೂ ಅದೇ, ದಾರಿ ಕೇಳೋಕೂ ಅದೇ. ಊಟಕ್ಕೆ ಬಂದ್ರೆ 'ಹೆಲ್ಪ್ ಯುವರ್‌ಸೆಲ್ಫ್' ಅಂತಾರೆ, ಆಗ ಅವರವರೇ ಬಡಿಸ್ಕೊಂಡು ತಿಂತಾರೆ. ಒಂದೇ ಮಾತು, ಎಲ್ಲಾದಕ್ಕೂ ಸಾಕು."

ಟಿಟ್ಟಕ್ಕನಿಗೆ ತನ್ನ ಗಂಟಲಿನ ಬಗ್ಗೆ ನಾಚಿಕೆಯಾಯಿತು. ಕಾವಲಿಗೆ ನಾಜೂಕು ಯಾಕೆ ಬೇಕು? ಅವಳಿಗೂ ಅದು ಗೊತ್ತಿತ್ತು. ಆದರೂ ನಾಚಿಕೆಯಾಯಿತು. ಮೂರು ದಿನ ಅಭ್ಯಾಸ ಮಾಡಿ 'ಹೆಲ್ಪ್' ಕಲಿತಳು. ಅವಳನ್ನು ನೋಡಿ ಕೆರೆಯವರೆಲ್ಲ ಕಲಿತರು.

ಆಮೇಲೆ ಶುರುವಾಯಿತು ಪೇಚಾಟ. ಮಂಗಣ್ಣ ಬೆನ್ನು ತುರಿಸಿ ಅಂತ "ಹೆಲ್ಪ್" ಎಂದ. ಕಾಟಿಯಣ್ಣ ಓಡಿಬಂದು ಬಾಲ ಕಚ್ಚಿ ದಡಕ್ಕೆ ಎಳೆದು ಹಾಕಿದ. ಮಂಗಣ್ಣ ದಡದಲ್ಲೇ ಇದ್ದ! ಮರುದಿನ ಆಮೆ ಕೆಸರಲ್ಲಿ ಸಿಕ್ಕಿ "ಹೆಲ್ಪ್" ಎಂದಾಗ, ಊಟಕ್ಕೆ ಕರೆದರು ಎಂದುಕೊಂಡ ಮಂಗಣ್ಣ ಕೈತೊಳೆದು ಬಂದು ಕುಳಿತ. ಆಮೆ ತಾನೇ ತೆವಳಿ ಮೇಲೆ ಬರುವವರೆಗೂ ಕುಳಿತಿದ್ದು, "ಕರೆದ್ರು, ಬಡಿಸಲೇ ಇಲ್ಲ" ಎಂದು ಗೊಣಗುತ್ತ ಹೋದ. ಇಷ್ಟಾದರೂ ಹಳೆಯ ಕೂಗಿಗೆ ಮರಳಲು ಯಾರಿಗೂ ಮನಸ್ಸಾಗಲಿಲ್ಲ. ಎಲ್ಲರೂ ನಾಜೂಕಾದ ಮೇಲೆ ತಾವೊಬ್ಬರೇ ಒರಟಾಗುವುದು ಹೇಗೆ?

ಒಂದು ಮಧ್ಯಾಹ್ನ ಕಲ್ಲುಗಳ ನಡುವೆ ನಾಗರಹಾವು ಹರಿದು ಬಂತು, ನೇರ ಮೊಟ್ಟೆಗಳ ಕಡೆಗೆ.

"ಹೆಲ್ಪ್, ಹೆಲ್ಪ್" ಎಂದು ಟಿಟ್ಟಕ್ಕ ಕೂಗಿದಳು.

ಮಂಗಣ್ಣ ಬಂದು, "ಏನಿದೆ ಇವತ್ತು ತಿನ್ನೋಕೆ?" ಎಂದ. ಕಾಟಿಯಣ್ಣ ಬಂದು, "ಯಾರು ಸಿಕ್ಕೊಂಡಿದ್ದಾರೆ? ಯಾರನ್ನ ಎಳೀಬೇಕು?" ಎನ್ನುತ್ತ ಕೆಸರು ನೋಡಿಕೊಂಡು ದಡವೆಲ್ಲ ಓಡಾಡತೊಡಗಿದ. ಹಾವು ಯಾರ ಕಣ್ಣಿಗೂ ಬೀಳಲಿಲ್ಲ. ಮುಂಗುಸಿಯಮ್ಮ ಬರಲೇ ಇಲ್ಲ. ಬಿಲದ ಬಾಯಲ್ಲಿ ಕುಳಿತು, "ಬೆಳಗಿನಿಂದ ಇದು ಏಳನೇ ಹೆಲ್ಪು. ಯಾರದೋ ಬೆನ್ನು ತುರಿಸ್ತಿರಬೇಕು" ಎಂದುಕೊಂಡು ಮರಿಯ ಮೈ ನೆಕ್ಕುತ್ತಿದ್ದಳು.

"ಹೆಲ್ಪ್, ಕಾಟಿಯಣ್ಣ, ಹೆಲ್ಪ್" ಎಂದಳು ಟಿಟ್ಟಕ್ಕ.

"ಅದಕ್ಕೇ ಬಂದೆ ಕಣಮ್ಮ" ಎಂದು ಕಾಟಿಯಣ್ಣ ಇನ್ನೊಂದು ಹೆಜ್ಜೆ ಮುಂದಿಟ್ಟ.

ಕಾಲಡಿ ಚಟ್ ಎಂದು ಸಣ್ಣ ಸದ್ದಾಯಿತು. ಕಾಲು ಎತ್ತಿ ನೋಡಿದರೆ ಗೊರಸಿಗೆ ಹಳದಿ ಮೆತ್ತಿತ್ತು.

ಟಿಟ್ಟಕ್ಕನಿಗೆ ನಾಜೂಕು ಮರೆತೇ ಹೋಯಿತು. ಅವಳಮ್ಮ ಕಲಿಸಿದ ಹಾವಿನ ಕೂಗು, ಅದೇ ಕಿವಿ ಸೀಳುವ ಕೂಗು, ತಾನಾಗಿ ಗಂಟಲಿನಿಂದ ಹೊರಟಿತು. ಕೇಳಿದ್ದೇ ತಡ, ಕಾಟಿಯಣ್ಣ ಕಲ್ಲಾಗಿ ನಿಂತ. ಮಂಗಣ್ಣ ಉಸಿರು ಬಿಗಿಹಿಡಿದ. ಕೂಗು ಮುಗಿಯುವಷ್ಟರಲ್ಲಿ ಮುಂಗುಸಿಯಮ್ಮ ಅಲ್ಲಿದ್ದಳು. ಹಾವು ಹೆಡೆ ಎತ್ತಿತು, ಅವಳನ್ನು ನೋಡಿತು, ಬಂದ ದಾರಿಯಲ್ಲೇ ಸರಸರನೆ ಹೊರಟುಹೋಯಿತು.

ಮೂರು ಮೊಟ್ಟೆ ಉಳಿದವು.

"ನಾನು ಸಹಾಯ ಮಾಡೋಕೆ ಅಂತಲೇ ಬಂದಿದ್ದೆ ಅಕ್ಕಾ" ಎಂದ ಕಾಟಿಯಣ್ಣ. ಅವನ ದೊಡ್ಡ ಕಣ್ಣು ತುಂಬಿ ಬಂದಿತ್ತು.

"ಗೊತ್ತಣ್ಣ. ಏನು ಬೇಕು ಅಂತ ನಾನೇ ಹೇಳಲಿಲ್ಲ."

"ಏನು ಬೇಕು ಅಂತ ನಾನೂ ಕೇಳಲಿಲ್ಲ."

ಮೈನಾ ಕೊಂಬೆಯ ಮೇಲೆ ಕುಳಿತು ಎಲ್ಲವನ್ನೂ ನೋಡಿದಳು.

ಕೆಲವು ದಿನಗಳಲ್ಲಿ ಮೂರು ಮರಿಗಳು ಹೊರಬಂದವು. ಟಿಟ್ಟಕ್ಕ ಮೊದಲು ಕಲಿಸಿದ್ದು ಆ ಮೂರು ಒರಟು ಕೂಗುಗಳನ್ನೇ. ಕಾಟಿಯಣ್ಣ ಈಗಲೂ ಕೆರೆಗೆ ನೀರು ಕುಡಿಯಲು ಬರುತ್ತಾನೆ. ಆದರೆ ದೂರದಲ್ಲೇ ನಿಂತು ಕೇಳುತ್ತಾನೆ:

"ಅಕ್ಕಾ, ಕಾಲು ಎಲ್ಲಿಡಲಿ?"

ನೀತಿ: ಕಷ್ಟ ಬಂದಾಗ ಇಂಥ ಕಷ್ಟ ಎಂದು ಬಾಯಿಬಿಟ್ಟು ಹೇಳಬೇಕು, ಸಹಾಯಕ್ಕೆ ಹೋಗುವವರು ಏನು ಬೇಕೆಂದು ಕೇಳಿ ಹೆಜ್ಜೆ ಇಡಬೇಕು.