ಹೋತ ಸ್ವಾಮಿಗಳ ಆಶೀರ್ವಾದ

ಗುಡ್ಡದ ಮೇಕೆಗಳೆಲ್ಲ ಸೇರಿ ಮಠದ ಹೋತ ಸ್ವಾಮಿಗಳನ್ನು ತೋಳರಾಜನ ಬಳಿಗೆ ಸಂಧಾನಕ್ಕೆ ಕಳಿಸಿದವು. ಬೆನ್ನ ಮೇಲೆ ಬಿಳಿ ಮಚ್ಚೆಯಿದ್ದ ಮುದಿ ಮೇಕೆ ಚೌಡವ್ವ ಗುಡ್ಡದ ಬುಡದವರೆಗೂ ಬಂದು, "ಬುದ್ಧಿ, ದಂಡು ಇತ್ತ ಬರಬಾರದು. ಹೋದವರೇ ಮೊದಲು ಅದೊಂದು ಮಾತು ಆಡಿಬಿಡಿ" ಎಂದಳು.

ಸ್ವಾಮಿಗಳು ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿಕೊಂಡರು. ಆದರೆ ಅರಮನೆಯಲ್ಲಿ ಅವರು ಬಾಯಿ ತೆರೆಯುವ ಮೊದಲೇ ತೋಳರಾಜ ಸಿಂಹಾಸನದಿಂದಿಳಿದು ಉದ್ದಕ್ಕೆ ಅಡ್ಡಬಿದ್ದ. ಅಡ್ಡಬಿದ್ದವರನ್ನು ಹರಸಿ ಹರಸಿ ರೂಢಿಯಾಗಿದ್ದ ಗೊರಸು ತಾನಾಗಿ ಮೇಲೆದ್ದಿತು.

"ವಿಜಯೀ ಭವ" ಎಂದುಬಿಟ್ಟರು ಸ್ವಾಮಿಗಳು.

ತೋಳರಾಜ ಎದ್ದು ಸೇನಾಪತಿಯ ಕಡೆ ತಿರುಗಿದ. "ಕೇಳಿದೆಯಲ್ಲ? ಗುರುಗಳ ಮಾತು ಸುಳ್ಳಾಗಬಾರದು. ಗುಡ್ಡಕ್ಕೆ ದಂಡು ಹೊರಡಲಿ."

"ಮಹಾರಾಜ, ನಾನು ಬಂದದ್ದು ಸಂಧಾನಕ್ಕೆ" ಎಂದರು ಸ್ವಾಮಿಗಳು.

"ಅದಕ್ಕೇನಂತೆ ಬುದ್ಧಿ, ಪ್ರಸಾದವಾದ ಮೇಲೆ ಮಾತಾಡೋಣ."

ಸಂಜೆ ದಂಡು ಹಿಂದಿರುಗಿತು. ಸ್ವಾಮಿಗಳು ಕೂರಲೆಂದು ರಾಜ ಹೊಸ ಚರ್ಮವೊಂದನ್ನು ಹಾಸಿಸಿದ. ಹಸಿ ಇನ್ನೂ ಆರಿರಲಿಲ್ಲ. ನಡುವೆ ಬಿಳಿ ಮಚ್ಚೆಯಿತ್ತು. ಸ್ವಾಮಿಗಳು ಅದನ್ನೇ ನೋಡುತ್ತ ನಿಂತಿದ್ದಾಗ ರಾಜ ಮತ್ತೊಮ್ಮೆ ಅಡ್ಡಬಿದ್ದ.

ಗೊರಸು ಮತ್ತೆ ಮೇಲೆದ್ದಿತು.